ತಾಯಿಗೆ ಸರ್ಪಸುತ್ತು, ಮನೆಯಲ್ಲಿ ಗರ್ಭಿಣಿ: ಯಾರಿಗೆ ಅಪಾಯ, ಯಾರಿಗೆ ಇಲ್ಲ?

ಪ್ರಶ್ನೆ: ಡಾಕ್ಟರೇ, ನನ್ನ ತಾಯಿಗೆ 67 ವರ್ಷ. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಐದು ದಿನದ ಹಿಂದೆ ಎಡಗಡೆ ಪಕ್ಕೆಲುಬಿನ ಹತ್ತಿರ ಉರಿ, ಚುಚ್ಚಿದಂಥ ನೋವು ಶುರುವಾಯಿತು. ಹೃದಯದ ತೊಂದರೆ ಇರಬಹುದು ಅಂತ ಹೆದರಿ ಇಸಿಜಿ ಮಾಡಿಸಿದೆವು. ಸರಿಯಾಗಿತ್ತು. ಗ್ಯಾಸ್ ಅಂದುಕೊಂಡು ಸುಮ್ಮನಾದೆವು. ನಿನ್ನೆ ಬೆಳಿಗ್ಗೆ ಅದೇ ಜಾಗದಲ್ಲಿ ನೀರುಗುಳ್ಳೆ ಎದ್ದಿವೆ, ಬೆನ್ನಿನಿಂದ ಎದೆಯ ಕಡೆಗೆ ಪಟ್ಟಿಯ ಹಾಗೆ. ಡಾಕ್ಟರು ಸರ್ಪಸುತ್ತು ಎಂದು ಹೇಳಿ, ದಿನಕ್ಕೆ ಐದು ಸಲ ನುಂಗುವ ಮಾತ್ರೆ ಬರೆದುಕೊಟ್ಟರು. ಆದರೆ ನೆಂಟರೊಬ್ಬರು "ಮಾತ್ರೆ ಕೊಟ್ಟರೆ ಒಳಗೇ ಉಳಿದುಬಿಡುತ್ತದೆ, ತಾನಾಗಿ ಹೊರಗೆ ಬರಲಿ" ಎಂದರು. ಸುತ್ತು ಪೂರ್ತಿಯಾಗಿ ಎರಡು ತುದಿ ಕೂಡಿಕೊಂಡರೆ ಜೀವಕ್ಕೇ ಅಪಾಯ ಅಂತಲೂ ಹೇಳುತ್ತಾರೆ. ಅಮ್ಮ ಇನ್ನೂ ಮಾತ್ರೆ ಮುಟ್ಟಿಲ್ಲ. ಇನ್ನೊಂದು ಚಿಂತೆ, ನನ್ನ ಹೆಂಡತಿ ಐದು ತಿಂಗಳ ಗರ್ಭಿಣಿ. ಅವಳಿಗೆ ಚಿಕನ್ ಪಾಕ್ಸ್ ಬಂದಿತ್ತೋ ಇಲ್ಲವೋ ಗೊತ್ತಿಲ್ಲ. ನಾಲ್ಕು ವರ್ಷದ ಮಗಳೂ ಇದ್ದಾಳೆ, ಅಜ್ಜಿಯ ಪಕ್ಕದಲ್ಲೇ ಮಲಗುವವಳು. ಅಮ್ಮನಿಗೆ ಚಿಕ್ಕಂದಿನಲ್ಲೇ ಚಿಕನ್ ಪಾಕ್ಸ್ ಬಂದು ಹೋಗಿದೆ. ಒಂದು ಸಲ ಬಂದವರಿಗೆ ಮತ್ತೆ ಬರಲ್ಲ ಅಂತಾರಲ್ವಾ? ಹಾಗಾದರೆ ಇದು ಯಾರಿಂದ ಅಂಟಿತು? ಲಸಿಕೆ ಇದೆಯಂತೆ, ಈಗಲೇ ಹಾಕಿಸಬಹುದಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಈಗಲೇ ಶುರು ಮಾಡಿಸಿ. ಮಿಕ್ಕಿದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ದಿನಕ್ಕೆ ಐದು ಸಲ ಅಂದಿದ್ದೀರಿ, ಹಾಗಾದರೆ ಅದು ಅಸೈಕ್ಲೋವಿರ್ 800 ಮಿಲಿಗ್ರಾಂ ಇರಬೇಕು. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಅದರ ಪ್ರಯೋಜನ ಜಾಸ್ತಿ. ನೀವು ಬರೆದದ್ದು ಗುಳ್ಳೆ ಎದ್ದ ಮಾರನೇ ದಿನ. ಸಮಯ ಇನ್ನೂ ಇದೆ, ಆದರೆ ನೆಂಟರ ಜೊತೆ ವಾದ ಮಾಡಿಕೊಂಡು ಕೂರುವಷ್ಟಿಲ್ಲ. ಈ ಮಾತ್ರೆ ವೈರಸ್ಸನ್ನು ಮೈಯಿಂದ ಓಡಿಸುವುದಿಲ್ಲ, ಅದು ಹೆಚ್ಚುವುದನ್ನು ತಡೆಯುತ್ತದೆ, ಅಷ್ಟೇ. ವೈರಸ್ ಎಷ್ಟು ಕಡಿಮೆ ಹೆಚ್ಚಿದರೆ ನರಕ್ಕೆ ಅಷ್ಟು ಕಡಿಮೆ ಏಟು. ಆಗಿಹೋದ ಏಟನ್ನು ಮಾತ್ರೆ ಸರಿಮಾಡಲಾರದು. ಆತುರ ಮಾಡಿ ಅನ್ನುವುದು ಅದಕ್ಕೇ.

ಇನ್ನು ನೆಂಟರು ಹೇಳಿದ ಮಾತು. "ಒಳಗೇ ಉಳಿಯುತ್ತದೆ" ಅನ್ನುವುದರಲ್ಲಿ ಅರ್ಧ ನಿಜವಿದೆ. ವೈರಸ್ ಒಳಗೆ ಉಳಿಯುವುದು ಹೌದು. ಆದರೆ ಮಾತ್ರೆ ನುಂಗಿದರೂ ಉಳಿಯುತ್ತದೆ, ನುಂಗದಿದ್ದರೂ ಉಳಿಯುತ್ತದೆ. ನಿಮ್ಮ ತಾಯಿಯವರ ಮೈಯಲ್ಲಿ ಅದು ಬಾಲ್ಯದಿಂದಲೂ ಇದೆ.

ಯಾರಿಂದ ಅಂಟಿತು ಅನ್ನುವ ಪ್ರಶ್ನೆಗೆ ಉತ್ತರವೂ ಇದೇ. ಯಾರಿಂದಲೂ ಅಲ್ಲ. ಚಿಕನ್ ಪಾಕ್ಸಿಗೂ ಸರ್ಪಸುತ್ತಿಗೂ ಒಂದೇ ವೈರಸ್, ವೆರಿಸೆಲ್ಲಾ ಜೋಸ್ಟರ್. ಚಿಕನ್ ಪಾಕ್ಸ್ ಬಂದಾಗ ಗುಳ್ಳೆಗಳು ಒಂದೆರಡು ವಾರದಲ್ಲಿ ಒಣಗಿ ಉದುರುತ್ತವೆ, ಜ್ವರ ಇಳಿಯುತ್ತದೆ, ಮುಗಿಯಿತು ಅಂದುಕೊಳ್ಳುತ್ತೇವೆ. ವೈರಸ್ ಮಾತ್ರ ನರಗಳ ಒಳಗೆ ಸೇರಿಕೊಂಡಿರುತ್ತದೆ. ಬೆನ್ನುಹುರಿಯ ಎರಡೂ ಪಕ್ಕದಲ್ಲಿ, ಮೆದುಳಿನ ಬುಡದಲ್ಲಿ, ಸಂವೇದನೆಯ ನರಗಳಿಗೆ ಗಂಟಿನಂಥ ಭಾಗಗಳಿವೆ. ಅಲ್ಲಿ ಅದು ಹತ್ತಾರು ವರ್ಷ ಸುಮ್ಮನೆ ಬಿದ್ದಿರುತ್ತದೆ. ಯಾವಾಗಲೋ ಒಂದು ದಿನ ಒಂದು ಗಂಟಿನಲ್ಲಿ ಎಚ್ಚರಗೊಂಡು, ಅದೇ ನರದ ಉದ್ದಕ್ಕೂ ಇಳಿದು ಚರ್ಮಕ್ಕೆ ಬರುತ್ತದೆ. ಅದೇ ಸರ್ಪಸುತ್ತು.

ಈ ನಂಟು ವೈದ್ಯರಿಗೂ ಬೇಗ ಹೊಳೆಯಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಬುಡಾಪೆಸ್ಟಿನ ಮಕ್ಕಳ ವೈದ್ಯ ಬೋಕೈ ಒಂದು ವಿಷಯ ಗಮನಿಸಿದರು: ಮನೆಯಲ್ಲಿ ದೊಡ್ಡವರಿಗೆ ಸರ್ಪಸುತ್ತು ಬಂದರೆ, ಕೆಲವು ದಿನಗಳಲ್ಲಿ ಮಕ್ಕಳಿಗೆ ಚಿಕನ್ ಪಾಕ್ಸ್ ಬರುತ್ತಿತ್ತು. 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡೂ ರೋಗದ ಗುಳ್ಳೆಗಳಿಂದ ವೈರಸ್ ಬೆಳೆಸಿ, ಎರಡೂ ಒಂದೇ ಎಂದು ತೋರಿಸಿದರು. ಅದು ನರದಲ್ಲಿ ಅಡಗಿ ಕೂತು ಮತ್ತೆ ಏಳುತ್ತದೆ ಎಂಬುದನ್ನು ಸ್ಪಷ್ಟವಾಗಿ ಕಟ್ಟಿಕೊಟ್ಟವರು ಇಂಗ್ಲೆಂಡಿನ ಎಡ್ಗರ್ ಹೋಪ್-ಸಿಂಪ್ಸನ್. ಅವರು ದೊಡ್ಡ ಪ್ರಯೋಗಾಲಯದ ವಿಜ್ಞಾನಿಯಲ್ಲ, ಸಾಮಾನ್ಯ ಕುಟುಂಬ ವೈದ್ಯ. ತಮ್ಮ ಕ್ಲಿನಿಕ್ಕಿಗೆ ಬಂದ ರೋಗಿಗಳ ದಾಖಲೆಯನ್ನು ವರ್ಷಗಟ್ಟಲೆ ಇಟ್ಟು, 1965ರಲ್ಲಿ ಅದನ್ನು ಪ್ರಕಟಿಸಿದರು. ನನಗೆ ಇದು ತುಂಬಾ ಇಷ್ಟದ ಸಂಗತಿ.

"ಒಂದು ಸಲ ಬಂದವರಿಗೆ ಮತ್ತೆ ಬರಲ್ಲ" ಅನ್ನುವ ಮಾತು ಚಿಕನ್ ಪಾಕ್ಸಿನ ಮಟ್ಟಿಗೆ ಬಹುಪಾಲು ಸರಿ. ಹೊರಗಿನಿಂದ ಬರುವ ವೈರಸ್ಸನ್ನು ರಕ್ತದಲ್ಲಿರುವ ಪ್ರತಿಕಾಯಗಳು ತಡೆಯುತ್ತವೆ, ಅವು ಬಹುಕಾಲ ಉಳಿಯುತ್ತವೆ. ಆದರೆ ಈಗಾಗಲೇ ಒಳಗೆ ಕೂತಿರುವ ವೈರಸ್ಸನ್ನು ಕಾಯುವ ಕೆಲಸ ಟಿ ಜೀವಕೋಶಗಳೆಂಬ ಬಿಳಿ ರಕ್ತಕಣಗಳದ್ದು. ವಯಸ್ಸಾದಂತೆ ಈ ಕಾವಲು ಸಡಿಲವಾಗುತ್ತದೆ. 50 ದಾಟಿದ ಮೇಲೆ ಸರ್ಪಸುತ್ತು ಜಾಸ್ತಿಯಾಗುವುದು ಇದರಿಂದಲೇ. ಕೀಮೋಥೆರಪಿ, ಅಂಗ ಕಸಿ, ಎಚ್‌ಐವಿ, ದೀರ್ಘಕಾಲದ ಸ್ಟೀರಾಯ್ಡ್, ಸಂಧಿವಾತಕ್ಕೆ ಕೊಡುವ ಕೆಲವು ಹೊಸ ಮಾತ್ರೆಗಳು, ಇವೂ ಕಾವಲನ್ನು ಸಡಿಲಿಸುತ್ತವೆ. ಸಕ್ಕರೆ ಕಾಯಿಲೆಯೂ ಸ್ವಲ್ಪ ಮಟ್ಟಿಗೆ. ಆದರೆ ನನ್ನ ಹತ್ತಿರ ಬರುವ ಬಹಳ ಮಂದಿಗೆ ವಯಸ್ಸು ಬಿಟ್ಟರೆ ಬೇರೆ ಕಾರಣವೇ ಸಿಗುವುದಿಲ್ಲ. ಅಮೆರಿಕದ ಲೆಕ್ಕದ ಪ್ರಕಾರ ಸುಮಾರು ಮೂವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಸರ್ಪಸುತ್ತು ಬರುತ್ತದೆ. ಹಾಗಾಗಿ 67ನೇ ವಯಸ್ಸಿನಲ್ಲಿ ಬಂತು ಅಂದರೆ "ಒಳಗೆ ಇನ್ನೇನೋ ದೊಡ್ಡ ರೋಗ ಇರಬಹುದಾ" ಎಂದು ಸುಮ್ನೆ ಸ್ಕ್ಯಾನ್ ಮಾಡಿಸುತ್ತಾ ಹೋಗಬೇಕಿಲ್ಲ. ಇಪ್ಪತ್ತು ಮೂವತ್ತರ ವಯಸ್ಸಿನವರಿಗೆ ಮತ್ತೆ ಮತ್ತೆ ಬಂದರೆ ಮಾತು ಬೇರೆ, ಆಗ ಪರೀಕ್ಷೆ ಮಾಡಿಸಬೇಕು.

ಸುತ್ತು ಕೂಡಿಕೊಂಡರೆ ಸಾವು ಎಂಬ ಭಯ ಹಳೆಯದು, ಹಲವು ದೇಶಗಳಲ್ಲಿ ಇದೆ. ಒಂದು ಸಲ ಗುಳ್ಳೆಗಳನ್ನು ಹತ್ತಿರದಿಂದ ನೋಡಿ, ನಿಮಗೇ ಅರ್ಥವಾಗುತ್ತದೆ. ಕೆಂಪಾದ ಚರ್ಮದ ಮೇಲೆ ಗೊಂಚಲು ಗೊಂಚಲಾಗಿ ಪುಟ್ಟ ಗುಳ್ಳೆಗಳು, ನಡುನಡುವೆ ಖಾಲಿ ಚರ್ಮ. ಬೆನ್ನುಮೂಳೆಯ ಹತ್ತಿರ ಶುರುವಾಗಿ, ಕಂಕುಳ ಕೆಳಗೆ ಓರೆಯಾಗಿ ಇಳಿದು ಮುಂದೆ ಬರುತ್ತವೆ. ಎದೆಯ ನಡುಮೂಳೆಯ ಹತ್ತಿರ, ಯಾರೋ ಗೆರೆ ಎಳೆದ ಹಾಗೆ, ನಿಂತುಬಿಡುತ್ತವೆ. ಆಚೆ ಬದಿ ಚರ್ಮ ಹೇಗಿತ್ತೋ ಹಾಗೇ ಇರುತ್ತದೆ. ಯಾಕೆಂದರೆ ಬೆನ್ನುಹುರಿಯಿಂದ ಹೊರಡುವ ನರಗಳು 31 ಜೋಡಿ, ಎಡದ ನರ ಎಡಬದಿಯ ಚರ್ಮಕ್ಕೆ ಮಾತ್ರ, ಬಲದ್ದು ಬಲಕ್ಕೆ ಮಾತ್ರ. ವೈರಸ್ ಎದ್ದಿರುವುದು ಒಂದು ಬದಿಯ ಒಂದು ನರದಲ್ಲಿ, ಕೆಲವೊಮ್ಮೆ ಪಕ್ಕದ ಇನ್ನೊಂದರಲ್ಲೂ. ಅದು ಗೆರೆ ದಾಟುವುದಿಲ್ಲ. ಯಾವ ನರ ಚರ್ಮದ ಯಾವ ಪಟ್ಟಿಗೆ ಹೋಗುತ್ತದೆ ಎಂಬ ನಕ್ಷೆಯನ್ನು ಹೆನ್ರಿ ಹೆಡ್ ಮತ್ತು ಕ್ಯಾಂಬೆಲ್ ಎಂಬ ವೈದ್ಯರು 1900ರಲ್ಲಿ ಮಾಡಿದ್ದು ಸರ್ಪಸುತ್ತಿನ ರೋಗಿಗಳನ್ನು ಅಭ್ಯಾಸ ಮಾಡಿಯೇ.

ಅಪರೂಪಕ್ಕೆ ಎರಡೂ ಬದಿ ಬರುವುದುಂಟು, ಅಥವಾ ಮೈಯೆಲ್ಲಾ ಹರಡುವುದುಂಟು. ಅದು ರೋಗನಿರೋಧಕ ಶಕ್ತಿ ತುಂಬಾ ಕುಗ್ಗಿದೆ ಎಂಬುದರ ಸೂಚನೆ. ಅಂಥವರನ್ನು ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಔಷಧ ಕೊಡುತ್ತೇವೆ. ಅಲ್ಲೂ ಅಪಾಯ ತಂದದ್ದು ತುದಿಗಳು ಕೂಡಿದ್ದಲ್ಲ.

ನಿಮ್ಮ ತಾಯಿಯವರಿಗೆ ಗುಳ್ಳೆಗಿಂತ ಮೊದಲು ನೋವು ಬಂತು ಅಂದಿರಿ. ಅದು ಈ ರೋಗದ ರೀತಿಯೇ. ಗುಳ್ಳೆ ಕಾಣುವ ಮುಂಚೆ ಕೆಲವು ದಿನ ಉರಿ, ಜೋಮು, ಛಳಕು ಇರುತ್ತದೆ. ಎಡ ಎದೆಯಲ್ಲಾದರೆ ಹೃದಯ ಅನಿಸುತ್ತದೆ, ಹೊಟ್ಟೆಯ ಬಲಗಡೆ ಆದರೆ ಪಿತ್ತಕೋಶದ ಕಲ್ಲು ಅನಿಸುತ್ತದೆ. ನೀವು ಇಸಿಜಿ ಮಾಡಿಸಿದ್ದು ಸರಿಯಾಗಿಯೇ ಇತ್ತು. ಸಕ್ಕರೆ ಕಾಯಿಲೆ ಇರುವವರ ಎದೆನೋವನ್ನು ಯಾವತ್ತೂ ಗ್ಯಾಸ್ ಎಂದು ಬಿಡಬೇಡಿ.

ಈಗ ನಿಮ್ಮ ಹೆಂಡತಿಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಸರ್ಪಸುತ್ತಿನಿಂದ ಇನ್ನೊಬ್ಬರಿಗೆ ಸರ್ಪಸುತ್ತು ಅಂಟುವುದಿಲ್ಲ. ಗುಳ್ಳೆಯ ನೀರಿನಲ್ಲಿ ಜೀವಂತ ವೈರಸ್ ಇರುತ್ತದೆ. ಚಿಕನ್ ಪಾಕ್ಸ್ ಬಾರದ, ಲಸಿಕೆಯನ್ನೂ ಹಾಕಿಸಿಕೊಳ್ಳದ ವ್ಯಕ್ತಿಗೆ ಆ ನೀರು ತಾಗಿದರೆ ಅವರಿಗೆ ಬರುವುದು ಚಿಕನ್ ಪಾಕ್ಸ್. ಆದರೆ ಇದು ಚಿಕನ್ ಪಾಕ್ಸಿನಷ್ಟು ಸುಲಭವಾಗಿ ಹರಡುವುದಿಲ್ಲ. ಗುಳ್ಳೆಗಳು ಬಟ್ಟೆಯ ಕೆಳಗೆ ಮುಚ್ಚಿದ್ದರೆ ಅಪಾಯ ಬಹಳ ಕಡಿಮೆ. ನಿಮ್ಮ ತಾಯಿಯವರಿಗೆ ಪಕ್ಕೆಯಲ್ಲಿ ಬಂದಿದೆ, ಮುಚ್ಚುವುದು ಸುಲಭ. ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ, ಸಾಮಾನ್ಯವಾಗಿ ಏಳರಿಂದ ಹತ್ತು ದಿನ, ಈ ಎಚ್ಚರಿಕೆ ಸಾಕು: ಗುಳ್ಳೆಯ ಮೇಲೆ ಅಂಟಿಕೊಳ್ಳದ ಡ್ರೆಸ್ಸಿಂಗ್ ಅಥವಾ ಸಡಿಲ ಹತ್ತಿ ಬಟ್ಟೆ, ಟವೆಲ್ ಮತ್ತು ಹಾಸಿಗೆ ಬೇರೆ, ಡ್ರೆಸ್ಸಿಂಗ್ ಬದಲಿಸಿದ ಮೇಲೆ ಸೋಪಿನಿಂದ ಕೈತೊಳೆಯುವುದು. ಡ್ರೆಸ್ಸಿಂಗ್ ನೀವು ಬದಲಿಸಿ, ಹೆಂಡತಿಗೆ ಬಿಡಬೇಡಿ. ಅಮ್ಮನನ್ನು ಕೋಣೆಯಲ್ಲಿ ಕೂಡಿಹಾಕಿ ಊಟವನ್ನು ಬಾಗಿಲಲ್ಲಿ ಇಡುವ ಅಗತ್ಯವಿಲ್ಲ. ನೋವಿನಲ್ಲಿ ಇರುವವರಿಗೆ ಅದು ಇನ್ನೊಂದು ನೋವು.

ಹೆಂಡತಿಗೆ ಮೊದಲೇ ಚಿಕನ್ ಪಾಕ್ಸ್ ಬಂದಿದ್ದರೆ ಅಥವಾ ಲಸಿಕೆಯ ಎರಡೂ ಡೋಸ್ ಆಗಿದ್ದರೆ ಚಿಂತೆ ಬಿಡಿ. ಅವರ ತಾಯಿಯನ್ನೋ ಅಕ್ಕನನ್ನೋ ಫೋನಿನಲ್ಲಿ ಕೇಳಿ, "ಚಿಕ್ಕವಳಿದ್ದಾಗ ಅಮ್ಮ (ಚಿಕನ್ ಪಾಕ್ಸ್) ಆಗಿತ್ತಾ" ಅಂತ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಹೆರಿಗೆ ವೈದ್ಯರಿಗೆ ಇವತ್ತೇ ವಿಷಯ ತಿಳಿಸಿ, ವೆರಿಸೆಲ್ಲಾ ಐಜಿಜಿ ಎಂಬ ರಕ್ತಪರೀಕ್ಷೆ ಮಾಡಿಸಿ. ನೆನಪಿಲ್ಲ ಅನ್ನುವ ಹಲವರ ರಕ್ತದಲ್ಲಿ ಪ್ರತಿಕಾಯ ಇರುವುದೇ ಕಂಡುಬರುತ್ತದೆ. ಇಲ್ಲ ಎಂದು ಬಂದು, ಗುಳ್ಳೆಯ ಸಂಪರ್ಕವೂ ಆಗಿದ್ದರೆ, ವೈದ್ಯರು ಇಮ್ಯುನೋಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ, ಇಂಜೆಕ್ಷನ್ ಕೊಡಬಹುದು. ಅದನ್ನು ಸಂಪರ್ಕವಾದ 10 ದಿನದೊಳಗೆ ಕೊಡಬೇಕು, ಬೇಗ ಆದಷ್ಟೂ ಒಳ್ಳೆಯದು. ಕೆಲವು ಕಡೆ ಇದರ ಬದಲು ವೈರಸ್ ತಡೆಯುವ ಮಾತ್ರೆ ಕೊಡುವ ಪದ್ಧತಿಯೂ ಇದೆ.

ಇಷ್ಟು ಜಾಗ್ರತೆ ಯಾಕೆ? ಗರ್ಭಿಣಿಗೆ ಚಿಕನ್ ಪಾಕ್ಸ್ ಬಂದರೆ ಅವರಿಗೇ ನ್ಯುಮೋನಿಯಾ ಆಗುವ ಅಪಾಯವಿದೆ. ಗರ್ಭದ ಮೊದಲ 20 ವಾರಗಳಲ್ಲಿ ಬಂದರೆ ಮಗುವಿಗೂ ತೊಂದರೆ ಆಗುವ ಸಣ್ಣ ಸಾಧ್ಯತೆ ಇದೆ, ಅತಿ ಹೆಚ್ಚು ಅಂದರೂ ಶೇಕಡಾ 2ರ ಆಸುಪಾಸು. ಸಣ್ಣದೇ, ಆದರೆ ತಡೆಯಬಹುದಾದದ್ದನ್ನು ತಡೆಯೋಣ ಅಲ್ವಾ. ಸಂಪರ್ಕವಾದ 10ರಿಂದ 21 ದಿನದೊಳಗೆ ಚಿಕನ್ ಪಾಕ್ಸ್ ಕಾಣಿಸಿಕೊಳ್ಳುತ್ತದೆ. ಇಮ್ಯುನೋಗ್ಲೋಬ್ಯುಲಿನ್ ಕೊಟ್ಟಿದ್ದರೆ ಇನ್ನೊಂದು ವಾರ ತಡವಾಗಬಹುದು. ಆ ಅವಧಿಯಲ್ಲಿ ಜ್ವರ ಅಥವಾ ಒಂದೇ ಒಂದು ಗುಳ್ಳೆ ಕಂಡರೂ ವೈದ್ಯರಿಗೆ ಫೋನ್ ಮಾಡಿ. ನೇರವಾಗಿ ಹೋಗಿ ಬೇರೆ ಗರ್ಭಿಣಿಯರ ಜೊತೆ ಸಾಲಿನಲ್ಲಿ ಕೂರಬೇಡಿ.

ಮಗಳಿಗೆ ಚಿಕನ್ ಪಾಕ್ಸ್ ಲಸಿಕೆ ಹಾಕಿಸಿದ್ದೀರಾ, ಕಾರ್ಡ್ ನೋಡಿ. ಎರಡು ಡೋಸ್ ಆಗಿದ್ದರೆ ಒಳ್ಳೆಯ ರಕ್ಷಣೆ ಇದೆ. ಆಗಿಲ್ಲವಾದರೆ ಮಕ್ಕಳ ವೈದ್ಯರನ್ನು ಕೇಳಿ. ಸಂಪರ್ಕವಾದ ಮೂರು ದಿನದೊಳಗೆ, ಐದು ದಿನದವರೆಗೂ, ಲಸಿಕೆ ಹಾಕಿಸಿದರೆ ರೋಗ ಬಾರದಿರಬಹುದು, ಬಂದರೂ ಹಗುರವಾಗಿ ಹೋಗುತ್ತದೆ. ಅವಳಿಗೆ ಬರದಂತೆ ನೋಡಿಕೊಳ್ಳುವುದು ಅವಳ ತಾಯಿಗಾಗಿಯೂ ಬೇಕು. ಮಗುವಿಗೆ ಚಿಕನ್ ಪಾಕ್ಸ್ ಬಂದರೆ ಅದು ಗಾಳಿಯಲ್ಲೂ ಹರಡುತ್ತದೆ, ಆಗ ಬಟ್ಟೆ ಮುಚ್ಚಿ ತಡೆಯಲಾಗುವುದಿಲ್ಲ. ಹಕ್ಕಳೆ ಕಟ್ಟುವವರೆಗೆ ಅವಳು ಅಜ್ಜಿಯ ಪಕ್ಕ ಮಲಗುವುದು ಬೇಡ. ಪಕ್ಕದಲ್ಲಿ ಕೂತು ಕಥೆ ಕೇಳಲಿ.

ನಿಮ್ಮ ತಾಯಿಯವರ ಚಿಕಿತ್ಸೆಗೆ ಮರಳೋಣ. ಅಸೈಕ್ಲೋವಿರ್ ಕಿಡ್ನಿಯ ಮೂಲಕ ಹೊರಹೋಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕಿಡ್ನಿ ಸ್ವಲ್ಪ ಬಳಲಿರಬಹುದು. ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ವರದಿಯನ್ನು ಡಾಕ್ಟರಿಗೆ ತೋರಿಸಿ, ಬೇಕಾದರೆ ಅವರು ಡೋಸ್ ಇಳಿಸುತ್ತಾರೆ. ಬೇರೆ ಕಾರಣಕ್ಕೆ ನೀರಿನ ಮಿತಿ ಇಲ್ಲದಿದ್ದರೆ ಚೆನ್ನಾಗಿ ನೀರು ಕುಡಿಯಲಿ. ದಿನಕ್ಕೆ ಐದು ಸಲ ಎಂದರೆ ಮರೆಯುವುದು ಸಹಜ. ಕಷ್ಟವಾದರೆ ವಾಲಾಸೈಕ್ಲೋವಿರ್ ಇದೆ, ದಿನಕ್ಕೆ ಮೂರು ಸಲ ಸಾಕು, ಏಳು ದಿನ. ಯಾವುದೇ ಆಗಲಿ, ಗುಳ್ಳೆ ಒಣಗಿತು ಅಂತ ನಡುವೆ ನಿಲ್ಲಿಸಬೇಡಿ.

ಸ್ಟೀರಾಯ್ಡ್ ಮಾತ್ರೆ ಸೇರಿಸಿದರೆ ಬೇಗ ವಾಸಿ ಅಂತ ಯಾರಾದರೂ ಹೇಳಬಹುದು. ಮೊದಲ ದಿನಗಳ ನೋವಿಗೆ ಸ್ವಲ್ಪ ಉಪಯೋಗ ಇರಬಹುದು, ಆದರೆ ಉಳಿದುಹೋಗುವ ನೋವನ್ನು ಅದು ತಡೆಯುವುದಿಲ್ಲ, ಸಕ್ಕರೆಯನ್ನು ಮಾತ್ರ ಏರಿಸುತ್ತದೆ. ನಾನಾದರೆ ನಿಮ್ಮ ತಾಯಿಯವರಿಗೆ ಕೊಡುವುದಿಲ್ಲ.

ಚರ್ಮಕ್ಕೆ ಬೇಕಾದದ್ದು ಬಹಳ ಕಡಿಮೆ. ಸ್ನಾನ ಮಾಡಬಹುದು. ಸೋಪು, ನೀರಿನಲ್ಲಿ ಮೆತ್ತಗೆ ತೊಳೆದು, ಉಜ್ಜದೆ ಒತ್ತಿ ಒರೆಸಿ. ತಣ್ಣೀರು ಬಟ್ಟೆ ಇಟ್ಟರೆ ಹಿತ. ಗುಳ್ಳೆ ಒಡೆಯಬೇಡಿ. ಲೇಪ ಹಚ್ಚಲೇಬೇಡಿ. ನನ್ನ ಹತ್ತಿರ ಬರುವ ಹಲವರ ಪಕ್ಕೆಯ ಮೇಲೆ ಗಟ್ಟಿಯಾಗಿ ಒಣಗಿದ ಲೇಪ ಇರುತ್ತದೆ. ಒದ್ದೆ ಬಟ್ಟೆಯಿಟ್ಟು ನೆನೆಸಿ ಬಿಡಿಸುವಾಗ ಅದರ ಜೊತೆ ಗುಳ್ಳೆಯ ಮೇಲ್ಪದರವೂ ಕಿತ್ತುಬರುತ್ತದೆ, ಕೆಳಗೆ ಕೀವು. ಸಕ್ಕರೆ ಕಾಯಿಲೆಯವರಿಗೆ ಅಂಥ ಗಾಯ ಬೇಗ ಮಾಯುವುದಿಲ್ಲ. ಲೇಪ ಹಚ್ಚಿದವರಿಗೂ ಕಡೆಗೆ ವಾಸಿಯಾಗುತ್ತದೆ, ನಿಜ. ಹಚ್ಚದಿದ್ದರೂ ಎರಡರಿಂದ ನಾಲ್ಕು ವಾರದಲ್ಲಿ ಗುಳ್ಳೆಗಳು ತಾವೇ ಹೋಗುತ್ತವೆ. ಹೆಸರು ಮಾತ್ರ ಲೇಪಕ್ಕೆ ಬರುತ್ತದೆ!

ನನಗೆ ಗುಳ್ಳೆಗಿಂತ ನೋವಿನದೇ ಚಿಂತೆ. ಕೆಲವರು ಕ್ಲಿನಿಕ್ಕಿಗೆ ಬರುವಾಗ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಮೈಯಿಂದ ದೂರ ಎಳೆದುಕೊಂಡೇ ಬರುತ್ತಾರೆ. ಚರ್ಮ ಪೂರ್ತಿ ವಾಸಿಯಾಗಿರುತ್ತದೆ, ಆದರೆ ಬಟ್ಟೆ ಸೋಕಿದರೂ ಬೆಂಕಿ ತಾಗಿದ ಹಾಗೆ. ಮೇಲಿನ ಹೊದಿಕೆ ಸುಲಿದ ವಿದ್ಯುತ್ ತಂತಿಯ ಹಾಗೆ, ಏಟು ತಿಂದ ನರ ತಾನಾಗಿಯೇ ಕಿಡಿ ಹಾರಿಸುತ್ತಿರುತ್ತದೆ. ಗುಳ್ಳೆ ಬಂದು ಮೂರು ತಿಂಗಳಾದ ಮೇಲೂ ಈ ನೋವು ಉಳಿದರೆ ಅದನ್ನು ಸರ್ಪಸುತ್ತಿನ ನಂತರದ ನರನೋವು ಎನ್ನುತ್ತೇವೆ. ಸರ್ಪಸುತ್ತು ಬಂದವರಲ್ಲಿ ಶೇಕಡಾ 10ರಿಂದ 18 ಮಂದಿಗೆ ಹೀಗಾಗುತ್ತದೆ, ವಯಸ್ಸು ಹೆಚ್ಚಿದಷ್ಟೂ ಜಾಸ್ತಿ. ಮೊದಲ ದಿನಗಳಲ್ಲೇ ನೋವು ವಿಪರೀತ ಇರುವವರಿಗೆ ಉಳಿಯುವ ಸಾಧ್ಯತೆ ಇನ್ನೂ ಜಾಸ್ತಿ. ಹಾಗಾಗಿ ಅಮ್ಮ "ತಡೆದುಕೊಳ್ಳುತ್ತೇನೆ ಬಿಡು" ಅಂದರೆ ಒಪ್ಪಬೇಡಿ.

ಸಣ್ಣ ನೋವಿಗೆ ಪ್ಯಾರಾಸಿಟಮಾಲ್ ಸಾಕು. ರಾತ್ರಿ ನಿದ್ದೆ ಕೆಡುವಷ್ಟು ಇದ್ದರೆ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ನರದ ನೋವಿನ ಮಾತ್ರೆ ಬೇಕಾಗುತ್ತದೆ. ಇವು ಮಾಮೂಲಿ ನೋವಿನ ಮಾತ್ರೆಗಳಲ್ಲ, ನುಂಗಿದ ದಿನವೇ ಕೆಲಸ ಮಾಡುವುದಿಲ್ಲ, ಸಣ್ಣ ಡೋಸಿನಿಂದ ನಿಧಾನವಾಗಿ ಏರಿಸಬೇಕು. ವಯಸ್ಸಾದವರಿಗೆ ತೂಕಡಿಕೆ, ತಲೆಸುತ್ತು ಬರುತ್ತದೆ. ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ದು ಸೊಂಟ ಮುರಿದುಕೊಂಡರೆ ನೋವಿನ ಮೇಲೆ ನೋವು. ಮೊದಲ ಕೆಲವು ರಾತ್ರಿ ಯಾರಾದರೂ ಹತ್ತಿರ ಇರಿ, ದೀಪ ಹಾಕಿಡಿ. ಚರ್ಮ ಪೂರ್ತಿ ವಾಸಿಯಾದ ಮೇಲೂ ನೋವಿದ್ದರೆ ಲಿಡೋಕೇನ್ ಪಟ್ಟಿ ಅಂಟಿಸಬಹುದು, ಅದರಲ್ಲಿ ತೂಕಡಿಕೆಯ ತೊಂದರೆ ಇಲ್ಲ. ಹಸಿ ಗುಳ್ಳೆಯ ಮೇಲೆ ಮಾತ್ರ ಬೇಡ.

ಕೆಲವು ಲಕ್ಷಣ ಕಂಡರೆ ಅಪಾಯಿಂಟ್‌ಮೆಂಟ್ ಕಾಯದೆ ಅದೇ ದಿನ ಹೋಗಬೇಕು. ನಿಮ್ಮ ತಾಯಿಯವರಿಗೆ ಎದೆಯಲ್ಲಿ ಬಂದಿದೆ, ಆದರೂ ಇದನ್ನು ಓದುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ಹಣೆ, ಕಣ್ಣಿನ ರೆಪ್ಪೆ, ಅದಕ್ಕಿಂತ ಹೆಚ್ಚಾಗಿ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೂಗಿನ ತುದಿಗೆ ಬರುವ ನರದ್ದೇ ಕವಲು ಕಣ್ಣಿನ ಒಳಗೂ ಹೋಗುತ್ತದೆ, ದೃಷ್ಟಿಗೆ ಅಪಾಯವಿದೆ. ಕಿವಿಯಲ್ಲಿ ಗುಳ್ಳೆ ಬಂದು ಮುಖ ಒಂದು ಕಡೆ ಸೊಟ್ಟಗಾದರೆ, ಕೇಳಿಸದಿದ್ದರೆ, ಅದೂ ತುರ್ತು. ಗುಳ್ಳೆಗಳು ಪಟ್ಟಿ ಬಿಟ್ಟು ಮೈಯೆಲ್ಲಾ ಹರಡಿದರೆ, ತೀವ್ರ ತಲೆನೋವು, ಗೊಂದಲದ ಮಾತು, ಕೈಕಾಲಿನ ಬಲಹೀನತೆ, ಮೂತ್ರ ಕಟ್ಟುವುದು, ಇವು ಕೂಡ. ಇಂಥವರು 72 ಗಂಟೆ ದಾಟಿತು ಅಂತ ಕೈಬಿಡಬಾರದು. ಹೊಸ ಗುಳ್ಳೆ ಏಳುತ್ತಿರುವವರೆಗೂ ವೈರಸ್ ತಡೆಯುವ ಔಷಧಕ್ಕೆ ಅರ್ಥವಿದೆ.

ಲಸಿಕೆ ಈಗ ಬೇಡ. ಅದು ತಡೆಯಲು ಇರುವುದು, ಎದ್ದ ಗುಳ್ಳೆಗೆ ಚಿಕಿತ್ಸೆಯಲ್ಲ. ಆದರೆ ಸರ್ಪಸುತ್ತು ಒಮ್ಮೆ ಬಂದವರಿಗೆ ಮತ್ತೆ ಬರಬಹುದು. ಆದ್ದರಿಂದ ಪೂರ್ತಿ ವಾಸಿಯಾದ ಮೇಲೆ ಹಾಕಿಸಿಕೊಳ್ಳುವುದು ಒಳ್ಳೆಯದು. ಕೆಲವು ವೈದ್ಯರು ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಅನ್ನುತ್ತಾರೆ, ಅದರಲ್ಲಿ ತಪ್ಪಿಲ್ಲ. 2006ರಲ್ಲಿ ಬಂದ ಹಳೆಯ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇತ್ತು. 2017ರಿಂದ ಬಳಕೆಯಲ್ಲಿರುವ ಶಿಂಗ್ರಿಕ್ಸ್‌ನಲ್ಲಿ ವೈರಸ್ಸಿನ ಒಂದು ಪ್ರೋಟೀನ್ ಮಾತ್ರ ಇದೆ, ಹಾಗಾಗಿ ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಕೊಡಬಹುದು. 50 ದಾಟಿದವರಿಗೆ ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳು. ಪರೀಕ್ಷೆಗಳಲ್ಲಿ ಅದು 90 ಶೇಕಡಾಕ್ಕಿಂತ ಹೆಚ್ಚು ರಕ್ಷಣೆ ಕೊಟ್ಟಿದೆ. ಚುಚ್ಚಿಸಿಕೊಂಡ ಮೇಲೆ ತೋಳುನೋವು, ಮೈಕೈನೋವು, ಜ್ವರ ಎರಡು ಮೂರು ದಿನ ಇರುತ್ತದೆ, ಕೆಲವರಿಗೆ ಹಾಸಿಗೆ ಹಿಡಿಯುವಷ್ಟು. ಮೊದಲ ಡೋಸಿನಲ್ಲಿ ಹೀಗಾಯಿತು ಅಂತ ಎರಡನೆಯದನ್ನು ಬಿಡುವವರಿದ್ದಾರೆ, ಬಿಟ್ಟರೆ ರಕ್ಷಣೆ ಅರೆಬರೆ. ಗಿಲಾನ್ ಬಾರೆ ಎಂಬ ನರದ ತೊಂದರೆ ತೀರಾ ಅಪರೂಪಕ್ಕೆ ವರದಿಯಾಗಿದೆ. ಅಂಥದ್ದು ಮೊದಲೇ ಬಂದಿದ್ದವರು ಡಾಕ್ಟರಿಗೆ ಹೇಳಬೇಕು.

ಹೆಂಡತಿಯ ರಕ್ತದಲ್ಲಿ ಪ್ರತಿಕಾಯ ಇಲ್ಲ ಎಂದು ಬಂದರೆ, ಚಿಕನ್ ಪಾಕ್ಸ್ ಲಸಿಕೆಯನ್ನು ಗರ್ಭಿಣಿಯಾಗಿರುವಾಗ ಹಾಕುವಂತಿಲ್ಲ, ಅದು ಜೀವಂತ ಲಸಿಕೆ. ಹೆರಿಗೆಯಾದ ಮೇಲೆ ಮೊದಲ ಡೋಸ್, ನಾಲ್ಕರಿಂದ ಎಂಟು ವಾರ ಬಿಟ್ಟು ಎರಡನೆಯದು. ಹಾಲು ಕುಡಿಸುತ್ತಿದ್ದರೂ ಹಾಕಿಸಿಕೊಳ್ಳಬಹುದು. ಹೆರಿಗೆ ವೈದ್ಯರ ಫೈಲಿನಲ್ಲಿ ಈಗಲೇ ಬರೆಸಿಡಿ, ಮಗು ಹುಟ್ಟಿದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.